ಹೊಲಿಗೆ ಟೀಚರ್ ಮತ್ತು ಹದಿನೈದು ಜನರ ಜೀಪು

ಹೋದ ತಿಂಗಳು ಟೀಚರ್ ಅವರ ಸಂತಾಪ ಸಭೆಯಲ್ಲಿ ನಾನು ಎರಡು ನಿಮಿಷ ಮಾತಾಡಿದೆ. ಎರಡು ನಿಮಿಷದಲ್ಲಿ ಮೂರು ತಪ್ಪು ಹೇಳಿದೆ.

ಹೇಳಿದ್ದು ಇಷ್ಟು: ಟೀಚರ್ ಒಬ್ಬರೇ, ಮನೆಯ ಅಂಗಳದಲ್ಲೇ, ಹಳೇ ಜೀಪಿಗೆ ಹೊಸ ಸ್ಪ್ರಿಂಗು, ಹೊಸ ಶಾಕಪ್ಪು ಹಾಕಿ, ಸೊಂಟದ ನೋವಿನಿಂದ ಎರಡು ವರ್ಷ ಮನೆಯಿಂದ ಆಚೆ ಬಾರದಿದ್ದ ತಮ್ಮ ಯಜಮಾನರನ್ನು ಕೂರಿಸಿಕೊಂಡು ಹೋಗಿ ಹಳೇಬೀಡಿನ ದೇವಸ್ಥಾನ ತೋರಿಸಿಕೊಂಡು ಬಂದರು.

ಸಭೆ ನಡೆದದ್ದು ಅರಸೀಕೆರೆಯಲ್ಲಿ, ಅವರು ನಿವೃತ್ತಿಯ ನಂತರ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದ ಹಾಲ್‌ನಲ್ಲಿ. ಗೋಡೆಯುದ್ದಕ್ಕೂ ಮಿಶನ್ನುಗಳು ಬಟ್ಟೆ ಹೊದ್ದು ನಿಂತಿದ್ದವು. ಸಂತಾಪ ಸಭೆಯಲ್ಲಿ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಆದರೂ ಹಿಂದಿನ ಸಾಲಿನಲ್ಲಿ ಒಬ್ಬರು ಶುರು ಮಾಡಿ, ತಪ್ಪು ಗೊತ್ತಾಗಿ ನಿಲ್ಲಿಸಿದರು. ಆ ಅರ್ಧ ಚಪ್ಪಾಳೆ ನನ್ನನ್ನು ಕೂರಗೊಡುತ್ತಿಲ್ಲ. ನನ್ನ ಮಾತು ಅಷ್ಟು ಚೆನ್ನಾಗಿತ್ತಲ್ಲ ಎಂಬುದೇ ನನಗೆ ಸಂಶಯ ತಂದಿದೆ. ಇಸ್ತ್ರಿ ಮಾಡಿದ ಹಾಗಿತ್ತು.

ಅವರು ಒಬ್ಬರೇ ಮಾಡಲಿಲ್ಲ. ಹೊಸದು ಹಾಕಿದ್ದರಿಂದ ಏನೂ ಸರಿಹೋಗಲಿಲ್ಲ. ದೇವಸ್ಥಾನ ತೋರಿಸಲಿಲ್ಲ.

ಅವರು ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದ ಮಾತೊಂದು ಸಭೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. "ಹೊಲಿಯೋದು ಎಲ್ಲರೂ ಕಲೀತೀರಿ ಕಣ್ರೇ. ಬಿಚ್ಚೋದು ಕಲೀರಿ ಮೊದಲು. ಬಟ್ಟೆ ಹರಿಯದ ಹಾಗೆ ಬಿಚ್ಚಬೇಕು." ನಾನು ಹೊಲಿದದ್ದನ್ನು ನಾನೇ ಬಿಚ್ಚುತ್ತೇನೆ. ಹರಿದರೆ ಹರಿಯಲಿ.

*

ಅವರನ್ನು ಮೊದಲು ನೋಡಿದ್ದು ಎಂದರೆ ಜೀಪಿನ ಅಡಿಯಿಂದ ಚಾಚಿಕೊಂಡಿದ್ದ ಎರಡು ಕಾಲು, ಎರಡಕ್ಕೂ ಕಾಲುಂಗುರ. ಹೀಗೆ ಶುರು ಮಾಡಬೇಕೆಂದು ಕೈ ತವಕಿಸುತ್ತದೆ. ಆದರೆ ಅದು ಆಮೇಲಿನದು. ನಿಜವಾಗಿ ಮೊದಲು ನೋಡಿದ್ದು ಮನೆ ಬಾಡಿಗೆಗೆ ಕೇಳಲು ಹೋದಾಗ. ತಾಲ್ಲೂಕು ಆಫೀಸಿಗೆ ವರ್ಗವಾಗಿ ಬಂದಿದ್ದೆ. ತೆಂಗಿನಕಾಯಿ ಮಾರುಕಟ್ಟೆಯ ಹಿಂದಿನ ಬೀದಿ, ಗಾಳಿಯಲ್ಲಿ ಯಾವಾಗಲೂ ಕೊಬ್ಬರಿಯ ವಾಸನೆ. ಬಾಗಿಲು ತೆಗೆದವರ ಕುತ್ತಿಗೆಯಲ್ಲಿ ಅಳತೆ ಟೇಪು ಜೋತಾಡುತ್ತಿತ್ತು. ತುಟಿಗಳ ನಡುವೆ ನಾಲ್ಕೈದು ಗುಂಡುಪಿನ್ನು. ಪಿನ್ನುಗಳನ್ನು ತೆಗೆಯದೆ, ಬಾಯಿಯ ಒಂದು ಮೂಲೆಯಿಂದ ಕೇಳಿದರು: "ಮೇಲಿನ ಮನೇಗಾ? ನೀರು ಬೆಳಿಗ್ಗೆ ಮಾತ್ರ. ಆಗಬಹುದಾ?"

ಅಷ್ಟೇ. ಗಿಡ್ಡ ಆಳು. ಸರ್ಕಾರಿ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದು ನಿವೃತ್ತರಾಗಿದ್ದರು. ಆರು ವರ್ಷದ ಹಿಂದಿನ ಮಾತು.

ಅಂಗಳದ ಶೀಟಿನ ಕೆಳಗೆ ಜೀಪು ನಿಂತಿತ್ತು. ರಸ್ತೆಯೇ ಇಲ್ಲದ ಕಡೆಗೂ ನುಗ್ಗುವಂಥ ಹಳೇ ಗಾಡಿ, ನಾಲ್ಕು ಚಕ್ರಕ್ಕೂ ಎಳೆತ. ಒಂದು ಕಡೆ ವಾಲಿಕೊಂಡಿತ್ತು. ಪಕ್ಕದ ಜಗಲಿಯಲ್ಲಿ, ಎರಡು ದಿಂಬು ಇಟ್ಟ ಕುರ್ಚಿಯಲ್ಲಿ ಯಜಮಾನರು ಕೂತಿದ್ದರು. ಅವರೂ ಸ್ವಲ್ಪ ವಾಲಿಕೊಂಡೇ ಕೂತಿದ್ದರು.

ಯಜಮಾನರು ಗೆಂಡೆಹಳ್ಳಿ ಕಡೆಯವರು. ವಯಸ್ಸಿನಲ್ಲಿ ಬೇಲೂರಿಂದ ಅರೇಹಳ್ಳಿ ಕಡೆಗೆ, ಆಮೇಲೆ ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ, ಅದೇ ಜೀಪಿನಲ್ಲಿ ಜನ ಸಾಗಿಸುತ್ತಿದ್ದರು. ಒಳಗೆ ಹನ್ನೊಂದು, ಹಿಂದೆ ನೇತಾಡಿಕೊಂಡು ನಾಲ್ಕು. "ಹದಿನೈದ್ ಜನ ಆಗದೆ ಕೀಲಿ ತಿರುಗಿಸ್ತಿರಲಿಲ್ಲ ಗುಮಾಸ್ತ್ರೇ," ಎಂದು ನನಗೆ ಎಷ್ಟು ಸಲ ಹೇಳಿದರೋ. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. ಇನ್ನೊಂದು ಮಾತನ್ನೂ ಹೇಳುತ್ತಿದ್ದರು, ಅದು ಹೊಟ್ಟೆಕಿಚ್ಚಿನ ಮಾತು. "ಹತ್ತಿದ್ ತಕ್ಷಣ ನಿದ್ದೆ ಹೊಡೀತಾರೆ ಪ್ಯಾಸೆಂಜರ್‌ಗಳು. ಬಾಯಿ ಬುಟ್ಕೊಂಡು, ಪಕ್ಕದೋನ ಹೆಗಲ ಮ್ಯಾಲೆ. ಕನ್ನಡೀಲಿ ನೋಡ್ತಿದ್ದೆ. ಹೆಂಗೆ ಬತ್ತದೋ ಅಂಗೆ ನಿದ್ದೆ! ನಾನೂ ಒಂದಿನ ಪ್ಯಾಸೆಂಜರ್ ಆಗ್ಬೇಕು ಅಂತಿದ್ದೆ."

ಜೀಪಿನ ಮೇಲಿನ ಕ್ಯಾರಿಯರ್‌ನಲ್ಲಿ ಮೂಟೆ ಕಟ್ಟುತ್ತಾ ಜಾರಿ ಬಿದ್ದರು. ಬೆನ್ನುಮೂಳೆಗೆ ಆಪರೇಷನ್ ಆಯಿತು. ಕೋಲು ಹಿಡಿದು ಮಂಚದಿಂದ ಜಗಲಿಗೆ, ಜಗಲಿಯಿಂದ ಮಂಚಕ್ಕೆ ಓಡಾಡುವಷ್ಟಾದರು. ನಿದ್ದೆ ಮಾತ್ರ ಹೋಯಿತು. ಒಂದು ಗಂಟೆ ಒಟ್ಟಿಗೆ ಮಲಗಿದರೆ ಹೆಚ್ಚು. ಒಮ್ಮೆ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದಾಗ, ಗುಂಡಿಗುಂಡಿಗೂ ಟವೆಲ್ಲು ಕಚ್ಚಿ ಹಿಡಿದು, ವಾಪಸು ಬಂದು ಕುರ್ಚಿಯಲ್ಲಿ ಕೂತು ಹೇಳಿದರಂತೆ: "ಇನ್ನು ನಾನು ಗಾಡಿ ಹತ್ತೋದು ಒಂದೇ ಸಲ. ಅದೂ ಮಲಗಿಸ್ಕೊಂಡು ಹೋಗ್ತೀರ."

ಈ ಮಾತನ್ನು ನನಗೆ ಹೇಳಿದ್ದು ಟೀಚರ್, ಮೆಟ್ಟಿಲ ಮೇಲೆ ಕೂತು ಬೀನ್ಸ್ ಬಿಡಿಸುತ್ತಾ. ಹೇಳಿ, ಒಂದು ಕಾಯನ್ನು ಪಟ್ಟನೆ ಮುರಿದು, "ಆ ಮಾತನ್ನ ಸುಳ್ಳು ಮಾಡಬೇಕು ತಮ್ಮಾ," ಎಂದರು. "ಒಂದು ಸಲ. ಒಂದೇ ಸಲ ಇವರು ಕೂತ್ಕೊಂಡು ಹೋಗಿ ಕೂತ್ಕೊಂಡು ಬರಬೇಕು."

"ಎಲ್ಲಿಗೆ?"

"ಹಳೇಬೀಡಿಗೆ. ಅಷ್ಟು ವರ್ಷ ಜನಾನ ಕರ್ಕೊಂಡು ಹೋಗಿ ಇಳಿಸಿದ್ದಾರೆ, ಗಾಡಿ ಕಾಯ್ಕೊಂಡು ಆಚೇನೇ ನಿಂತಿದ್ದಾರೆ. ಒಳಗೆ ಕಾಲಿಟ್ಟಿಲ್ಲ."

ಆ ಜೀಪೇ ಏಕೆ? ಮೆತ್ತಗಿನ ಕಾರೊಂದನ್ನು ಬಾಡಿಗೆಗೆ ಕರೆಯಬಹುದಿತ್ತಲ್ಲ? ಇದನ್ನು ನಾನು ಮೂರು ಸಲ ಕೇಳಿದೆ, ಅವರು ಮೂರು ಉತ್ತರ ಕೊಟ್ಟರು. ಕಾರಿನಲ್ಲಿ ಬಗ್ಗಿ ಕೂರಬೇಕು, ಅವರಿಗೆ ಬಗ್ಗೋಕಾಗಲ್ಲ. ಬೇರೆಯವರು ಓಡಿಸಿದರೆ ಅವರು ಭಯಕ್ಕೇ ಬಿಗಿದುಕೊಳ್ಳುತ್ತಾರೆ. ಮೂರನೆಯ ಸಲ: "ಅದು ಅವರ ಗಾಡಿ." ಮೆಕ್ಯಾನಿಕ್ ಏಕೆ ಬೇಡ ಎಂಬುದಕ್ಕೂ ಹೀಗೇ. ಒಬ್ಬ ಬಂದು ನೋಡಿ, ಟೈರಿಗೆ ಒದ್ದು, ಗುಜರಿಗೆ ಹಾಕಿ ಅಂದನಂತೆ. ಯಜಮಾನರು ಬೇರೆಯವರ ಕೈ ತಾಗಿಸಗೊಡುವುದಿಲ್ಲವಂತೆ. ಯಾವುದು ನಿಜ? ನನ್ನಂಥವರಿಗೆ ಒಂದು ಕಾರಣ ಬೇಕಾಗುತ್ತದೆ. ಅವರಿಗೆ ಬೇಕಾಗಿರಲಿಲ್ಲ.

*

ಕೆಲಸ ಶುರುವಾದದ್ದು ಒಂದು ಭಾನುವಾರ. ಶಾಲೆಯ ಸಮವಸ್ತ್ರದ ಉಳಿದ ಖಾಕಿ ಬಟ್ಟೆಯಲ್ಲಿ ಪೈಜಾಮ ಹೊಲಿದುಕೊಂಡಿದ್ದರು, ಮಂಡಿಗೆ ಎರಡೆರಡು ಪದರ. ಮೇಲೆ ಯಜಮಾನರ ಹಳೇ ಡ್ರೈವರ್ ಅಂಗಿ. ರೈಲು ಹಳಿಯ ಅಡಿಗೆ ಹಾಕುವ ಹಳೇ ಮರದ ಸ್ಲೀಪರಿನ ತುಂಡುಗಳನ್ನು ಎಲ್ಲಿಂದಲೋ ತರಿಸಿ, ಜೀಪಿನ ಹಿಂಭಾಗವನ್ನು ಜಾಕಿಯಲ್ಲಿ ಎತ್ತಿ ಅವುಗಳ ಮೇಲೆ ಕೂರಿಸಿದರು. ಆಗ ಕಂಡದ್ದು ಆ ಎರಡು ಕಾಲು, ಕಾಲುಂಗುರ.

ಎದುರು ಮನೆಯ ಕೊಬ್ಬರಿ ವ್ಯಾಪಾರಿ ಕಾಂಪೌಂಡಿಗೆ ಒರಗಿ ನಿಂತರು. "ಏನ್ ಟೀಚರಮ್ಮ, ರಿಟೈರ್ ಆದ್ಮೇಲೆ ಗ್ಯಾರೇಜ್ ಇಟ್ಬಿಟ್ರಾ?"

ಜೀಪಿನ ಅಡಿಯಿಂದ ಉತ್ತರ ಬಂತು. "ಹೂಂ ಕಣಪ್ಪ. ನಿಮ್ಮ ಸ್ಕೂಟರ್ ತಗೊಂಡ್ಬನ್ನಿ, ಫಾಲ್ಸ್ ಹಾಕ್ಕೊಡ್ತೀನಿ."

ಯಜಮಾನರು ಜಗಲಿಯಲ್ಲಿ ನಕ್ಕು, ನಕ್ಕದ್ದಕ್ಕೆ ಸೊಂಟ ಹಿಡಿದುಕೊಂಡರು.

ಅವರಿಗೆ ಕುರ್ಚಿಯಿಂದ ಜೀಪಿನ ಅಡಿ ಕಾಣುತ್ತಿರಲಿಲ್ಲ. ಕಿವಿಯಲ್ಲೇ ಕೆಲಸ ಮಾಡಿಸುತ್ತಿದ್ದರು.

"ಅದೇನ್ ಸದ್ದು?"

"ನಟ್ಟು ತಿರುಗ್ತಾ ಇದೆ."

"ನಟ್ಟಲ್ಲ ಅದು, ಪಾನಾ ಜಾರ್ತಾ ಐತೆ. ಡೀಸೆಲ್ ಬುಟ್ಟು ನೆನೆಯಾಕು."

"ಮಿಶನ್ ಎಣ್ಣೆ ಬಿಟ್ಟಿದೀನಿ ನಿನ್ನೆನೇ."

"ಹೊಲಿಗೆ ಮಿಶನ್ ಎಣ್ಣೆನಾ? ಏ ಗುಮಾಸ್ತ್ರೇ, ನೋಡ್ರೀ, ನನ್ ಗಾಡಿಗೆ ಜಾಕೀಟು ಹೊಲೀತಾವ್ಳೆ!"

ಆದರೆ ನಟ್ಟು ಬಿಟ್ಟುಕೊಂಡಿತು. ವರ್ಷಗಟ್ಟಲೆ ತುಕ್ಕು ಹಿಡಿದದ್ದು ಕಿರ್ರೆಂದು ತಿರುಗಿದ ಸದ್ದು ಜಗಲಿಗೂ ಮುಟ್ಟಿತು.

ಟೀಚರ್ ವಾಷರುಗಳನ್ನು ಗುಂಡುಪಿನ್ನಿನ ಹಾಗೇ ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದರು. ತುಟಿಯ ಸುತ್ತ ತುಕ್ಕಿನ ಬಣ್ಣ. ಈ ಚಿತ್ರ ಮಾತ್ರ ನನ್ನ ಸ್ವಂತದ್ದು. ನಾನು ಬಗ್ಗಿ ನೋಡಿದಾಗ ಅವರು ಅಲ್ಲಿಂದಲೇ ಬಾಯಿಯ ಮೂಲೆಯಲ್ಲಿ, "ಕತ್ತಲು ಮಾಡಬೇಡ, ಪಕ್ಕಕ್ಕೆ ಸರಿ," ಎಂದರು.

ಹಳೇ ಸ್ಪ್ರಿಂಗು ಕೆಳಗಿಳಿಯಿತು. ನೋಡದವರಿಗೆ ಹೇಳುವುದಾದರೆ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು. ಕೆಳಗೆ ಹೋದ ಹಾಗೆ ಗಿಡ್ಡ. ಅವಕ್ಕೆ ಪ್ಲೇಟು ಅನ್ನುತ್ತಾರೆ. ಭಾರ ಬಿದ್ದಾಗ ಬಾಗಿ ಏಟನ್ನು ನುಂಗುವುದು ಅವು. ಆಮೇಲೆ ಗಾಡಿ ಕುಣಿಯದ ಹಾಗೆ ಹಿಡಿಯುವುದು ಶಾಕಪ್ಪು. ಅವರ ಜೀಪಿನ ದೊಡ್ಡ ಪ್ಲೇಟೊಂದು ಸೀಳಿತ್ತು. ಶಾಕಪ್ಪುಗಳು ಎಣ್ಣೆಯನ್ನೆಲ್ಲ ಹೊರಗೆ ಕಾರಿ ಒಣಗಿದ್ದವು.

ಹೊಸದನ್ನು ತರಲು ಹಾಸನಕ್ಕೆ ಹೋದವನು ನಾನು. ಅಂಗಡಿಯವನು ಕೇಳಿದ: "ಯಾವ ಸೆಟ್ ಸಾರ್? ಎಷ್ಟು ಲೋಡು?" ನನಗೇನು ಗೊತ್ತು? ಯಜಮಾನರಿಗೆ ಫೋನು ಮಾಡಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಹದಿನೈದ್ ಜನ ಅನ್ನಿ. ಇರೋದ್ರಲ್ಲೇ ಗಟ್ಟಿ ಸೆಟ್ಟು. ಜಾಸ್ತಿ ಪ್ಲೇಟಿಂದು. ಶಾಕಪ್ಪೂ ಗಟ್ಟೀದೇ ಕೊಡಕ್ಕೇಳಿ." ಹಿಂದಿನಿಂದ ಟೀಚರ್ ಅವರ ದನಿಯೂ ಕೇಳಿಸಿತು: "ಹೂಂ, ಗಟ್ಟೀದೇ ತರಲಿ." ನಾನೂ ಗಟ್ಟಿಯಾದದ್ದು ಒಳ್ಳೆಯದು ಎಂದುಕೊಂಡೆ. ಆ ಜೀಪಿನಲ್ಲಿ ಇನ್ನು ಕೂರುವವರು ಹೆಚ್ಚೆಂದರೆ ಮೂರು ಜನ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇದನ್ನು ಸಭೆಯಲ್ಲಿ ಹೇಳಲಿಲ್ಲ. ಏಕೆಂದರೆ ಇದರಲ್ಲಿ ನಾನೂ ಇದ್ದೇನೆ.

*

ಹಾಕುವುದಕ್ಕೆ ಎರಡು ಭಾನುವಾರ ಹಿಡಿಯಿತು. ಮುಂದಿನ ಎರಡು, ಹಿಂದಿನ ಎರಡು. ಜೀಪನ್ನು ಸ್ಲೀಪರುಗಳ ಮೇಲಿಂದ ಇಳಿಸಿದಾಗ ಅದು ಮೊದಲಿಗಿಂತ ನಾಲ್ಕು ಬೆರಳು ಎತ್ತರಕ್ಕೆ, ಎದೆ ಸೆಟೆದುಕೊಂಡು ನಿಂತಿತು. ಈಗ ವಾಲಿಕೊಂಡಿರಲಿಲ್ಲ. ಯಜಮಾನರು, "ನೋಡ್ಲಾ, ಹೊಸ ಮದುವೆ ಗಂಡು!" ಎಂದು ಕೂಗಿದರು.

ಆ ನಾಲ್ಕು ಬೆರಳು ಅವರ ಕಾಲಿಗೆ ಎಟುಕಲಿಲ್ಲ. ಹೊಲಿಗೆಯ ಸ್ಟೂಲು ತಂದಿಟ್ಟರು. ಟೀಚರ್ ಹಿಂದಿನಿಂದ, ನಾನು ಮುಂದಿನಿಂದ, ಹೇಗೋ ಕೂತರು. ಸೊಂಟಕ್ಕೆ ಎರಡು ದಿಂಬು. ಟೀಚರ್ ಸ್ಟಿಯರಿಂಗ್ ಹಿಡಿದರು. ಓಡಿಸುವುದನ್ನು ಅವರಿಗೆ ಎಷ್ಟೋ ವರ್ಷದ ಹಿಂದೆ ಸಂತೆ ಮೈದಾನದಲ್ಲಿ ಬೈದು ಬೈದು ಕಲಿಸಿದ್ದವರು ಯಜಮಾನರೇ.

ಗೇಟಿನ ಆಚೆ ಚರಂಡಿಯ ಮೇಲೆ ಒಂದು ಕಲ್ಲುಚಪ್ಪಡಿ. ಅದನ್ನು ದಾಟಿದಾಗ ಜೀಪು ಬಾಗಲಿಲ್ಲ. ಕಲ್ಲಿನ ಏಟು ಕಲ್ಲಿನ ಹಾಗೇ ಮೇಲೆ ಬಂತು. ಯಜಮಾನರ ಗಂಟಲಿಂದ ಹೊರಟದ್ದು ಕೂಗಲ್ಲ, ಅದಕ್ಕೆ ನನ್ನಲ್ಲಿ ಪದವಿಲ್ಲ. ಎದುರು ಮನೆಯವರು ಓಡಿಬಂದರು. ಅವರು ಈ ಸಲ ಏನೂ ತಮಾಷೆ ಮಾಡಲಿಲ್ಲ. ನನ್ನ ಜೊತೆ ಸೇರಿ ಎತ್ತಿ ಇಳಿಸಿದರು.

ಕುರ್ಚಿಯಲ್ಲಿ ಕೂತ ಮೇಲೆ, ಯಜಮಾನರು ಹೇಳಿದರು: "ಬುಟ್ಬುಡು ಟೀಚರ್. ಆಗಲ್ಲ ಇದು."

ಟೀಚರ್ ನಲ್ಲಿಯ ಹತ್ತಿರ ಹೋಗಿ ಸೋಪಿನ ಪುಡಿಯಲ್ಲಿ ಕೈ ತೊಳೆಯತೊಡಗಿದರು. ಗ್ರೀಸು ಹೋದ ಮೇಲೂ ತೊಳೆದರು. ಸಭೆಯಲ್ಲಿ ಒಬ್ಬರು, "ಟೀಚರ್ ಕಣ್ಣಲ್ಲಿ ನೀರು ನಾವು ಯಾರೂ ಕಂಡಿಲ್ಲ," ಎಂದರು. ನಾನೂ ಕಂಡಿಲ್ಲ. ನಲ್ಲಿ ಇದ್ದದ್ದು ಗೋಡೆಯ ಕಡೆಗೆ.

*

ಮುಂದಿನದನ್ನು ಯಾವ ದಿನ ಯಾರು ಮೊದಲು ಅಂದರು ಎಂಬ ಕ್ರಮ ನನಗೆ ತಪ್ಪಿದೆ. ಎರಡು ಮೂರು ದಿನದ ಜಗಳ ನನ್ನ ತಲೆಯಲ್ಲಿ ಒಂದೇ ಜಗಳವಾಗಿದೆ. ಮೆಟ್ಟಿಲಲ್ಲಿ ಹತ್ತಿ ಇಳಿಯುವಾಗ ಕೇಳಿಸಿಕೊಂಡದ್ದು.

ಯಜಮಾನರು: "ಸ್ಪ್ರಿಂಗ್ ಸರಿಯಾಗೇ ಐತೆ. ಖಾಲಿ ಗಾಡಿ ಎಗರ್ತದೆ, ಅಷ್ಟೇಯ. ಹಿಂದುಗಡೆ ಮರಳು ಮೂಟೆ ಹಾಕು. ಹತ್ತು ಮೂಟೆ. ಮೆತ್ತಗಾಯ್ತದೆ."

ಟೀಚರ್: "ನಿಮ್ಮೊಬ್ಬರನ್ನ ಕೂರ್ಸೋಕೆ ಹತ್ತು ಮೂಟೆ ಮರಳು ಹೊರಬೇಕಾ? ಎರಡು ಪ್ಲೇಟು ತೆಗೆದರೆ ಆಯ್ತು."

"ಪ್ಲೇಟ್ ತಗೀತೀಯಾ? ತಗುದ್ರೆ ಗಾಡಿ ಅದು ಗಾಡಿನಾ? ನಾಕ್ ಜನ ಕುಂತ್ರೆ ಕುಸೀತದೆ."

"ನಾಲ್ಕು ಜನ ಯಾರು ಕೂರ್ತಾರೆ?"

"ಯಾರಾರ ಕೂರ್ತಾರೆ."

"ಕಾಲರ್ ಗಟ್ಟಿ ನಿಲ್ಲಲಿ ಅಂತ ಕ್ಯಾನ್ವಾಸ್ ಜಾಸ್ತಿ ಹಾಕಿದ್ರೆ ಕುತ್ತಿಗೆ ಕುಯ್ಯುತ್ತೆ ರೀ. ಕುತ್ತಿಗೆ ನೋಡ್ಕೊಂಡು ಹಾಕಬೇಕು. ಅಂಗಡಿ ನೋಡ್ಕೊಂಡು ಅಲ್ಲ."

"ನನ್ ಗಾಡಿ ಬ್ಲೌಸ್ ಅಲ್ಲ ಕಣೇ!"

ಆಮೇಲೆ ಟೀಚರ್ ಹೇಳಿದ ಮಾತು. ಇದನ್ನು ನಾನು ಕೇಳಿಸಿಕೊಂಡೆ, ಕಲ್ಪಿಸಿಕೊಂಡದ್ದಲ್ಲ. ಮೆಟ್ಟಿಲ ಮೇಲೆ ನನ್ನ ಕಾಲು ನಿಂತುಹೋಗಿತ್ತು. ಟೀಚರ್ ದನಿ ಏರಿಸಲಿಲ್ಲ. "ಆ ಹದಿನೈದು ಜನ ಇಳಿದು ಮನೆಗೆ ಹೋದರು ರೀ. ಎಂದೋ ಹೋದರು. ಈಗ ಗಾಡೀಲಿರೋದು ನೀವು."

ಎರಡು ದಿನ ಜಗಲಿಯಿಂದ ಮಾತಿಲ್ಲ. ಊಟದ ತಟ್ಟೆ ಇಡುವ ಸದ್ದು, ಎತ್ತುವ ಸದ್ದು. ನಾನು ಆಫೀಸಿಗೆ ಹೋಗುವಾಗ ಯಜಮಾನರು ಜೀಪನ್ನು ನೋಡುತ್ತಿದ್ದರು, ಬರುವಾಗಲೂ ನೋಡುತ್ತಿದ್ದರು. ಟೀಚರ್ ಜೀಪಿನ ಹತ್ತಿರ ಹೋಗಲಿಲ್ಲ. ಯಜಮಾನರ ಒಪ್ಪಿಗೆ ಇಲ್ಲದೆ ಒಂದು ನಟ್ಟನ್ನೂ ಮುಟ್ಟಲಿಲ್ಲ. ಇಷ್ಟೊಂದು ಮಾಡಿದ ಹೆಂಗಸು ಅಷ್ಟಕ್ಕೆ ಏಕೆ ನಿಂತರು? ಅದು ಅವರ ಗಾಡಿ ಎಂದಿದ್ದರಲ್ಲ, ಅದು ಮೂರರಲ್ಲಿ ನಿಜವಾದ ಉತ್ತರ ಇರಬಹುದು ಎಂದು ಅನ್ನಿಸಿದ್ದು ಆಗ.

ಮೂರನೆಯ ದಿನ ಬೆಳಿಗ್ಗೆ ಯಜಮಾನರು, ಯಾರನ್ನೂ ನೋಡದೆ, ಅಂಗಳಕ್ಕೆ ಹೇಳುವ ಹಾಗೆ ಹೇಳಿದರು: "ಸೆಂಟರ್ ಬೋಲ್ಟ್ ಬಿಚ್ಚಕ್ಕೆ ಮುಂಚೆ ಎರಡ್ ಕಡೆ ಕ್ಲಾಂಪ್ ಬಿಗಿ. ಇಲ್ದಿದ್ರೆ ಪ್ಲೇಟ್ ಎಗರಿ ಮುಖಕ್ಕೆ ಹೊಡೀತದೆ."

ಟೀಚರ್ ಒಳಗಿಂದ ಬಂದರು. ಆಗಲೇ ಖಾಕಿ ಪೈಜಾಮ ಹಾಕಿಕೊಂಡಿದ್ದರು. ಎರಡು ದಿನದಿಂದ ಹಾಕಿಕೊಂಡೇ ಇದ್ದರೋ ಏನೋ.

*

ಎಲ್ಲವನ್ನೂ ಮತ್ತೆ ಬಿಚ್ಚಿದರು. ಸ್ಪ್ರಿಂಗನ್ನು ಅಂಗಳದಲ್ಲಿ ಗೋಣಿಚೀಲದ ಮೇಲೆ ಮಲಗಿಸಿ, ಬಟ್ಟೆ ಗುರುತು ಮಾಡುವ ನೀಲಿ ಸೀಮೆಸುಣ್ಣದಲ್ಲಿ ಪ್ಲೇಟು ಪ್ಲೇಟಿಗೂ ಅಂಕಿ ಬರೆದರು. ಕ್ಲಾಂಪನ್ನು ಅರ್ಧರ್ಧ ಸುತ್ತು ಸಡಿಲಿಸುತ್ತಾ, ಉಕ್ಕು ಉಸಿರು ಬಿಡುವುದನ್ನು ಕಾಯುತ್ತಾ. ಒಂದೊಂದು ಸ್ಪ್ರಿಂಗಿನಿಂದಲೂ ಎರಡೆರಡು ಪ್ಲೇಟು ತೆಗೆದರೆಂದು ನನ್ನ ನೆನಪು. ಟೀಚರ್ ಒಮ್ಮೆ ಮೂರು ಎಂದಿದ್ದರು. ಈಗ ಕೇಳಲು ಯಾರೂ ಇಲ್ಲ. ಗಟ್ಟಿ ಶಾಕಪ್ಪನ್ನು ನಾನು ಹಾಸನಕ್ಕೆ ಒಯ್ದು ಮೆತ್ತಗಿನದನ್ನು ತಂದೆ. ಅಂಗಡಿಯವನು ಮತ್ತೆ ಕೇಳಿದ, ಎಷ್ಟು ಲೋಡು ಎಂದು. ಈ ಸಲ ಫೋನು ಮಾಡಲಿಲ್ಲ. "ಒಬ್ಬರು," ಎಂದೆ.

ಕೊನೆಯ ದಿನ ಜೀಪು ಚಕ್ರದ ಮೇಲೆ ನಿಂತಿತು. ನಾನು ಉತ್ಸಾಹದಲ್ಲಿ ಸ್ಪ್ರಿಂಗಿನ ತುದಿಯ ಬೋಲ್ಟುಗಳನ್ನು ಬಿಗಿಯಲು ಹೋದೆ. ಜಗಲಿಯಿಂದ ಗದರಿಕೆ ಬಂತು. "ಏಯ್ ಗುಮಾಸ್ತ್ರೇ, ಕೈ ತಗೀರಿ! ಕೂರೋ ಭಾರ ಕೂತ್ಮೇಲೆ ಕೊನೇ ಬಿಗಿ. ಖಾಲೀಲಿ ಬಿಗುದ್ರೆ ಒಳಗಿನ ರಬ್ಬರ್ ತಿರುಚ್ಕೊಂಡು ಗಾಡಿ ಮತ್ತೆ ಸೆಟ್ಕೊಳ್ತದೆ."

ಟೀಚರ್ ತಲೆಯಾಡಿಸಿದರು. ಸೀರೆಯ ಅಂಚಾಗಲಿ, ಲಂಗದ ಅಂಚಾಗಲಿ, ಉಟ್ಟವರನ್ನು ನಿಲ್ಲಿಸಿಯೇ ಗುರುತು ಮಾಡುವವರು ಅವರು. ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹಾಗಾಗಿ ಯಜಮಾನರು ಹತ್ತಲೇಬೇಕಾಯಿತು. ಈ ಸಲ ಸ್ಟೂಲು ಸಾಕಾಯಿತು. ಅವರು ಮುಂದೆ, ನಾನು ಹಿಂದೆ, ಓಡಿಸುವವರ ಜಾಗದಲ್ಲಿ ಟೀಚರ್ ತೂಕಕ್ಕೆ ಸರಿಯಾಗಿ ತೆಂಗಿನಕಾಯಿ ಚೀಲ. ಚಕ್ರಕ್ಕೆ ಕಲ್ಲು ಕೊಟ್ಟು ಟೀಚರ್ ಅಡಿಗೆ ನುಸುಳಿದರು. ನಾವಿಬ್ಬರೂ ಮೇಲೆ, ಅವರು ನಮ್ಮ ಕೆಳಗೆ. ಅಡಿಯಿಂದ ಬಾಯಿಯ ಮೂಲೆಯ ದನಿ ಬಂತು: "ಅಳತೆ ಕೊಡೋರು ಅಲುಗಾಡಬಾರದು."

"ಉಸಿರಾಡ್ಬೋದಾ ಟೀಚರ್?" ಎಂದರು ಯಜಮಾನರು.

"ಸಣ್ಣಗೆ."

ಬೋಲ್ಟು ಒಂದೊಂದಾಗಿ ಬಿಗಿಯಾಗುವ ಸಣ್ಣ ಕುಲುಕು ಸೀಟಿನ ಮೂಲಕ ನಮಗೆ ತಾಗುತ್ತಿತ್ತು. ಯಜಮಾನರು ಕಣ್ಣು ಮುಚ್ಚಿ ಒಂದೊಂದನ್ನೂ ಕೇಳಿಸಿಕೊಳ್ಳುತ್ತಿದ್ದರು. ನಾಲ್ಕನೆಯದಕ್ಕೆ, "ಇನ್ ಕಾಲ್ ಸುತ್ತು," ಎಂದರು. ಅಡಿಯಲ್ಲಿ ಕಾಲು ಸುತ್ತು ಬಿಗಿಯಾಯಿತು.

ಮುಗಿದ ಮೇಲೂ ಅವರು ಇಳಿಯಲು ಅವಸರ ಮಾಡಲಿಲ್ಲ.

*

ಮರುದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಗೇಟಿನ ಚಪ್ಪಡಿ. ಟೀಚರ್ ಗಾಡಿಯನ್ನು ನಿಲ್ಲಿಸಿಯೇಬಿಟ್ಟರು. ಎದುರು ಮನೆಯವರು ಕಾಂಪೌಂಡಿನ ಮೇಲೆ ಕೈಯಿಟ್ಟುಕೊಂಡು, ಹಲ್ಲು ಕಚ್ಚಿಕೊಂಡು ನೋಡುತ್ತಿದ್ದರು. ಮುಂದಿನ ಚಕ್ರ ಹತ್ತಿ ಇಳಿಯಿತು. ಹಿಂದಿನದು ಹತ್ತಿ ಇಳಿಯಿತು. ಜೀಪು ಒಮ್ಮೆ ಬಾಗಿ, ಎದ್ದು, ಸುಮ್ಮನಾಯಿತು.

"ಹೆಂಗಿದೆ?" ಎಂದರು ಟೀಚರ್. ರಸ್ತೆಯನ್ನು ನೋಡುತ್ತಲೇ.

"ದಾಟ್ತಾ?" ಎಂದರು ಯಜಮಾನರು.

ಮುಂದೆ ಊರು ಬಿಡುವವರೆಗೂ ಅವರದ್ದೇ ಮಾತು. ಸೆಕೆಂಡಿಗೆ ಹಾಕು. ಕ್ಲಚ್ ಮೇಲೆ ಕಾಲು ಮಡಗಬೇಡ. ಎಡಕ್ಕೆ ಗುಂಡಿ. "ಆ ಬಸ್ಸಿನೋನ್ಗೆ ದಾರಿ ಬುಡು, ಅವ್ನಿಗೆ ಹುಟ್ಟಿದಾಗಿಂದ ಅರ್ಜೆಂಟು." ಟೀಚರ್ ಕೊನೆಗೆ, "ನೀವು ಇವತ್ತು ಪ್ಯಾಸೆಂಜರ್ ರೀ. ಸುಮ್ಮನೆ ಕೂತ್ಕೊಳಿ," ಎಂದರು.  ಜಾವಗಲ್ ದಾಟುವಾಗ ಯಜಮಾನರ ತಲೆ ಒಂದು ಕಡೆಗೆ ಬಿತ್ತು.

ನಾನು ಗಾಬರಿಯಿಂದ ಮುಂದಕ್ಕೆ ಬಾಗಿದೆ. ಬಾಯಿ ತೆರೆದಿತ್ತು. ಉಸಿರು ಸಣ್ಣಗೆ ಸೀಟಿ ಹೊಡೆಯುತ್ತಿತ್ತು.

ಹಳೇಬೀಡು ಬಂತು. ದೇವಸ್ಥಾನದ ಕಾಂಪೌಂಡು, ಹುಲ್ಲುಹಾಸು, ಸಾಲಾಗಿ ನಿಂತ ಪ್ರವಾಸಿ ಬಸ್ಸುಗಳು, ಸೌತೆಕಾಯಿ ಮಾರುವವರು. "ಟೀಚರ್, ಬಂತು," ಎಂದೆ. ಅವರು ತಿರುಗದೆ ಎಡಗೈಯ ಬೆರಳನ್ನು ತುಟಿಗಿಟ್ಟರು. ಪಾರ್ಕಿಂಗ್ ಚೀಟಿಯವನು ಕೈ ಬೀಸುತ್ತಾ ಓಡಿಬಂದ. ಟೀಚರ್ ಅವನಿಗೂ ಅದೇ ಬೆರಳು ತೋರಿಸಿ, ಗೇರು ಬದಲಿಸದೆ, ನಡೆದು ಹೋಗುವವರ ವೇಗದಲ್ಲಿ ಅವನನ್ನು ದಾಟಿದರು. ಅವನು ಸ್ವಲ್ಪ ದೂರ ಪಕ್ಕದಲ್ಲೇ ಬಂದು, ಒಳಗೆ ಇಣುಕಿ, ಮಲಗಿದ್ದವರನ್ನು ನೋಡಿ ನಿಂತುಬಿಟ್ಟ.

ದೇವಸ್ಥಾನ ಹಿಂದೆ ಸರಿಯಿತು. ಟೀಚರ್ ಅದರ ಕಡೆ ನೋಡಲೂ ಇಲ್ಲ.

ಆಮೇಲೆ ಕೆರೆ, ಜೋಳದ ಹೊಲ, ಬೇಲೂರಿನ ದಾರಿ. ಪ್ರತಿ ರೋಡ್ ಹಂಪಿನ ಮುಂದೆ ಟೀಚರ್ ಬೆನ್ನು ಮುಂದಕ್ಕೆ ಬಾಗುತ್ತಿತ್ತು, ತಾವೇ ಆ ಗಾಡಿಯನ್ನು ಹೆಗಲ ಮೇಲೆ ಹೊತ್ತು ದಾಟಿಸುವ ಹಾಗೆ. ಬೇಲೂರಿನಲ್ಲಿ, ಬಸ್‌ಸ್ಟ್ಯಾಂಡಿಗೆ ಮುಂಚೆ ರಸ್ತೆ ಅಗಲವಾದ ಕಡೆ, ನಿಲ್ಲಿಸದೆ ದೊಡ್ಡದಾಗಿ ಸುತ್ತು ಹಾಕಿ ತಿರುಗಿಸಿದರು. ಇಂಜಿನ್ ಆರಿಸಲಿಲ್ಲ. ಆರಿಸಿದರೆ ಎಚ್ಚರವಾಗುತ್ತದೆ ಎಂಬ ಭಯ. ಅವರು ಹೇಳಲಿಲ್ಲ, ನನಗೂ ಅದೇ ಭಯವಿತ್ತು. ಮತ್ತೆ ಹಳೇಬೀಡು, ಈ ಸಲ ಬಲಕ್ಕಿದ್ದದ್ದು ಎಡಕ್ಕೆ. ಚೀಟಿಯವನು ದೂರದಿಂದ ನೋಡಿದ, ಬರಲಿಲ್ಲ. ಎಷ್ಟು ಹೊತ್ತು? ನಾನು ಗಡಿಯಾರ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಜೋಮು ಹಿಡಿದಿತ್ತು, ಅಲುಗಾಡಲಿಲ್ಲ. ಅಳತೆ ಕೊಡೋರು ಅಲುಗಾಡಬಾರದು.

ಅರಸೀಕೆರೆಗೆ ಇನ್ನೇನು ಬಂದೆವು ಎನ್ನುವಾಗ ರೈಲ್ವೆ ಗೇಟು ಹಾಕಿತ್ತು. ಬೇರೆ ದಾರಿಯಿರಲಿಲ್ಲ. ನಿಲ್ಲಿಸಿದರು. ಇಂಜಿನ್ನು ಒಮ್ಮೆ ನಡುಗಿ ತಾನಾಗಿ ಆರಿತು.

ಯಜಮಾನರು ಕಣ್ಣು ಬಿಟ್ಟರು. "ಹಳೇಬೀಡು ಬಂತಾ?"

"ಹೋಗಿ ಬಂದ್ವಿ," ಎಂದರು ಟೀಚರ್.

ಅವರು ಗೇಟನ್ನು ನೋಡಿದರು. ಬಿಸಿಲು ಯಾವ ಕಡೆಗಿದೆ ಎಂದು ನೋಡಿದರು. ತಮ್ಮ ಸೊಂಟವನ್ನು ಮುಟ್ಟಿ ನೋಡಿಕೊಂಡರು.

"ಎಲ್ಲಿಂದ ಮಲಗಿದ್ದೆ?"

"ಜಾವಗಲ್ಲಿಂದ."

"ಬಾಯ್ ಬುಟ್ಕೊಂಡಾ?"

"ಹೂಂ. ಬಾಯಿ ಬಿಟ್ಕೊಂಡೇ."

ರೈಲು ಬಂತು, ಹೋಯಿತು. ಗೇಟು ಎದ್ದಿತು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಟೀಚರ್ ಕೀಲಿ ತಿರುಗಿಸಲಿಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲಿತ್ತು, ಭುಜಗಳು ಅಲುಗುತ್ತಿದ್ದವು. ಅತ್ತರೋ ನಕ್ಕರೋ, ಹಿಂದಿನ ಸೀಟಿಗೆ ಕಂಡದ್ದು ಬೆನ್ನು ಮಾತ್ರ.

"ತಗೀ ಟೀಚರ್," ಎಂದರು ಯಜಮಾನರು, ಮೆಲ್ಲಗೆ. "ಹಿಂದೆ ಗಾಡಿ ನಿಂತವೆ."